ಮನೆ ಅಪ್ರೈಸಲ್ 25 ಸಾವಿರ ಡಾಲರ್ ಕಡಿಮೆ ಬಂದಿದೆ, ದಯವಿಟ್ಟು ಯಾರಾದ್ರೂ ದಾರಿ ಹೇಳಿ

ಮೈಸೂರಿನವಳು, ಫ್ರಿಸ್ಕೊ:
ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ನಿದ್ದೆ ಇಲ್ಲ. ಟೆಕ್ಸಾಸ್‌ನ ಫ್ರಿಸ್ಕೊದಲ್ಲಿ 2006ರಲ್ಲಿ ಕಟ್ಟಿದ ಮನೆಯೊಂದಕ್ಕೆ 640 ಸಾವಿರಕ್ಕೆ ಕಾಂಟ್ರಾಕ್ಟ್ ಆಯ್ತು. ಪೂರ್ವದ ಬಾಗಿಲು, ಶಾಲೆ ನಡೆದುಹೋಗೋ ದೂರ. ಇನ್ನೂ ಇಬ್ಬರು ಆಫರ್ ಹಾಕಿದ್ರು, ಅದಕ್ಕೇ ಮಾರೋರು ಕೇಳಿದ ಬೆಲೆ ಮೇಲೆ ನಾವು 20 ಸಾವಿರ ಏರಿಸಿದ್ವಿ. ಈಗ ಬ್ಯಾಂಕಿನ ಅಪ್ರೈಸಲ್, ಅಂದ್ರೆ ಸಾಲ ಕೊಡೋಕೆ ಮುಂಚೆ ಅವರು ಕಟ್ಟಿಸೋ ಮನೆ ಬೆಲೆ, 615 ಸಾವಿರ ಅಂತ ಬಂದಿದೆ. 20% ಡೌನ್ ಪೇಮೆಂಟ್ ಅಂತ 128 ಸಾವಿರ ಹೊಂದಿಸಿಟ್ಟಿದ್ವಿ, ಅದು ಸಾಲಲ್ಲ ಅಂತಿದ್ದಾರೆ. ಆಪ್ಶನ್ ಪೀರಿಯಡ್ (ಕಾರಣ ಕೊಡದೆ ಬಿಟ್ಟುಬರಬಹುದಾದ ದಿನಗಳು) ಮುಗಿದಿದೆ, ಮನೆ ಕೈಗೆ ಬರೋ ಕ್ಲೋಸಿಂಗ್‌ಗೆ 16 ದಿನ. ಯಜಮಾನರದ್ದು ಎಚ್‌ಒನ್‌ಬಿ, ಕೆಲಸದ ವೀಸಾ. ಮಗಳಿಗೆ 9 ವರ್ಷ, ಇಷ್ಟರಲ್ಲೇ ಮೂರು ಅಪಾರ್ಟ್‌ಮೆಂಟ್, ಎರಡು ಶಾಲೆ ಆಯ್ತು. ಹೊಸ ಮನೇಲಿ ಗೋಡೆಗೆ ಮೊಳೆ ಹೊಡೀಬಹುದಾ ಅಂತ ಕೇಳ್ತಾಳೆ. ಅಪ್ಪ ವಿಜಯನಗರದ ಸೈಟ್ ಮಾರಿ ದುಡ್ಡು ಕಳಿಸ್ತೀನಿ ಅಂತಿದ್ದಾರೆ. ಏನು ಮಾಡ್ಲಿ?

ಧಾರವಾಡದಾಂವ, ಪ್ಲೇನೊ:
ತಂಗೀ, ಯಾಕ್ ಹೆದರ್ತಿ? ಅಪ್ರೈಸಲ್ ಕಡಿಮಿ ಬಂದ್ರ ಛಲೋನ ಆತು. ನಾವು ಪ್ರತಿ ವರ್ಷ ಮೇ 15ರ ಒಳಗ ಕೌಂಟಿಗೆ ಪ್ರೊಟೆಸ್ಟ್ ಹಾಕಿ ವ್ಯಾಲ್ಯೂ ಇಳಿಸ್ಕೋತೀವಿ. ಟ್ಯಾಕ್ಸ್ ಉಳೀತದ. ಮನಿ ಹೊಕ್ಕಮ್ಯಾಲೆ ಹೋಮ್‌ಸ್ಟೆಡ್ ಅರ್ಜಿ (ನಾವ ಇರೋ ಮನಿಗೆ ಟ್ಯಾಕ್ಸ್ ರಿಯಾಯ್ತಿ) ಮಾತ್ರ ಮರೀಬ್ಯಾಡ, ಶಾಲಿ ಟ್ಯಾಕ್ಸಿನಾಗ ಈಗ ಮನಿ ಬೆಲಿಯೊಳಗ 140 ಸಾವಿರ ಬಿಟ್ಟು ಲೆಕ್ಕ ಹಾಕ್ತಾರ.

ಶಿವಮೊಗ್ಗ, ಆಲೆನ್:
ಸರ್, ನೀವು ಹೇಳ್ತಿರೋದು ಟ್ಯಾಕ್ಸ್‌ಗೆ ಕೌಂಟಿ ಹಾಕೋ ಅಪ್ರೈಸಲ್. ಅವರದು ಸಾಲಕ್ಕೆ ಬ್ಯಾಂಕ್ ಮಾಡಿಸಿದ್ದು. ಎರಡಕ್ಕೂ ಸಂಬಂಧ ಇಲ್ಲ. ಬ್ಯಾಂಕು ಕಾಂಟ್ರಾಕ್ಟ್ ಬೆಲೆ, ಅಪ್ರೈಸಲ್ ಬೆಲೆ, ಇವೆರಡರಲ್ಲಿ ಕಡಿಮೆ ಇರೋದರ ಮೇಲೆ ಸಾಲ ಲೆಕ್ಕ ಹಾಕುತ್ತೆ. 615ಕ್ಕೆ 80% ಅಂದ್ರೆ 492. ಮನೆ ಬೆಲೆ 640. ಹಾಗಾಗಿ ಕೈಯಿಂದ 148 ಬೇಕು. ಕೊರತೆ 25 ಅಲ್ಲ, 20 ಸಾವಿರ.

ಧಾರವಾಡದಾಂವ, ಪ್ಲೇನೊ:
ಅದಾದ್ರೂ ಮುಂದ ಟ್ಯಾಕ್ಸಿಗೆ ಉಪಯೋಗ ಆಗ್ತದ. ಆ ರಿಪೋರ್ಟ್ ಕಾದಿಟ್ಕೋ, ಪ್ರೊಟೆಸ್ಟ್ ಮಾಡೋವಾಗ ತೋರಸ್ಲಿಕ್ಕೆ ಬರ್ತದ.

ಅರಸೀಕೆರೆ, ಇಲ್ಲಿಗೆ ಬಂದದ್ದು 1999:
ಅಪ್ಪನ ಸೈಟ್ ಮಾರಿಸಬೇಡಮ್ಮ. ಕೈಮುಗಿದು ಕೇಳ್ಕೋತೀನಿ. 2006ರಲ್ಲಿ ನಮ್ಮಪ್ಪ ಎರಡು ಎಕರೆ ತೆಂಗಿನ ತೋಟ ಮಾರಿ ನನಗೆ ದುಡ್ಡು ಕೊಟ್ರು. ದೊಡ್ಡ ಮನೆ ತಗೊಂಡೆ. 2009ರಲ್ಲಿ ಕೆಲಸ ಹೋಯ್ತು. ಸಾಲಕ್ಕಿಂತ ಕಡಿಮೆಗೆ ಮನೆ ಹೋಯ್ತು. ಅಪ್ಪ ಒಂದು ಮಾತೂ ಆಡಲಿಲ್ಲ. ಸಾಯೋವರೆಗೂ ಎಳನೀರು ಅಂಗಡೀಲಿ ಕೊಂಡು ಕುಡಿದರು. ತೋಟ ಇದ್ದ ಮನುಷ್ಯ. ನನಗೆ ಅದೊಂದು ಇವತ್ತಿಗೂ ಗಂಟಲಲ್ಲಿ ಸಿಕ್ಕಿಕೊಂಡಿದೆ. ಎಚ್‌ಒನ್‌ಬಿಯಲ್ಲಿ ಕೆಲಸ ಹೋದ್ರೆ ಇಲ್ಲಿರೋಕೆ 60 ದಿನ ಅಷ್ಟೇ. ಮೂವತ್ತು ವರ್ಷದ ಸಾಲ, ಅರವತ್ತು ದಿನದ ವೀಸಾ. ಗ್ರೀನ್ ಕಾರ್ಡ್ ಬರೋವರೆಗೆ ಯಾರೂ ಮನೆ ತಗೋಬಾರದು. ಮಕ್ಕಳಿಗೆ ಬೇಕಿರೋದು ಅಪ್ಪ ಅಮ್ಮನ ನೆಮ್ಮದಿ, ಗೋಡೆ ಅಲ್ಲ.

ತುಮಕೂರು, ಮಕಿನಿ:
ಅಣ್ಣ ಹೇಳಿದ್ದು ನೂರಕ್ಕೆ ನೂರು ಸತ್ಯ. ಕಣ್ಣಲ್ಲಿ ನೀರು ಬಂತು.

ಪುತ್ತೂರು, ಈಗ ಐರ್ವಿಂಗ್:
ಅಣ್ಣ, ನಿಮ್ಮ ನೋವು ಅರ್ಥ ಆಗ್ತದೆ. ಆದರೆ ಎಲ್ಲರನ್ನೂ ಹಾಗೆ ಹೆದರಿಸುವುದು ಸರಿಯಲ್ಲ. ನಾವು ಗ್ರೀನ್ ಕಾರ್ಡ್ ಬರ್ಲಿ, ಬರ್ಲಿ ಅಂತ ಹನ್ನೊಂದು ವರ್ಷ ಬಾಡಿಗೆಯಲ್ಲೇ ಕೂತೆವು. ನಾಲ್ಕು ಸಲ ಸಾಮಾನು ಕಟ್ಟಿದ್ದೇವೆ. ಕಡೆಗೆ ಮನೆ ಆಯ್ತು, ಆಗ ಮಗ ಕಾಲೇಜಿಗೆ ಹೋದ. ಅವನ ರೂಮು ಅಂತ ಒಂದುಂಟು, ಅದರಲ್ಲಿ ಅವ ಮಲಗಿದ್ದು ಹತ್ತು ದಿನ ಇರಬಹುದು. ಚಿಕ್ಕಂದಿನ ಮನೆ ಯಾವುದು ಅಂತ ಕೇಳಿದರೆ ಅವನಿಗೆ ಹೇಳ್ಲಿಕ್ಕೆ ಗೊತ್ತಾಗುವುದಿಲ್ಲ.

ಅರಸೀಕೆರೆ, ಇಲ್ಲಿಗೆ ಬಂದದ್ದು 1999:
ಅಕ್ಕ, ಹನ್ನೊಂದು ವರ್ಷ ನೀವು ನಿಶ್ಚಿಂತೆಯಾಗಿ ನಿದ್ದೆ ಮಾಡಿದ್ರಿ. ನಾನು ಮಾಡಲಿಲ್ಲ.

ಹುಬ್ಬಳ್ಳಿ ಸೊಸೆ, ಲೋನ್ ಪ್ರೊಸೆಸಿಂಗ್ ಕೆಲಸ:
ಮೈಸೂರಿನವರೇ, ಇದನ್ನು ನಿಧಾನವಾಗಿ ಓದಿ. ನೀವು ಮೊದಲು ಅಂದುಕೊಂಡಿದ್ದ 512 ಸಾವಿರ ಸಾಲವನ್ನೇ ಇಟ್ಟುಕೊಂಡ್ರೆ ನಿಮ್ಮ 128 ಸಾವಿರ ಸಾಕಾಗುತ್ತೆ. ಆಗ ಸಾಲ 615ರ 83% ಚಿಲ್ಲರೆ ಆಗುತ್ತೆ, 80 ದಾಟಿದ್ದರಿಂದ ಪಿಎಂಐ (ಬ್ಯಾಂಕಿನ ಸಾಲದ ರಕ್ಷಣೆಗೆ ನೀವು ಕಟ್ಟೋ ವಿಮೆ) ಬರುತ್ತೆ. ಪಿಎಂಐ ಅಂದ್ರೆ ಜೀವನಪರ್ಯಂತದ ಶಿಕ್ಷೆ ಅಲ್ಲ. ಅಸಲು 492 ಸಾವಿರಕ್ಕೆ ಇಳಿದಾಗ ತೆಗೀರಿ ಅಂತ ನೀವೇ ಬರೆದು ಕೇಳಬಹುದು. ಕೇಳದಿದ್ರೂ, ಕಂತು ಸರಿಯಾಗಿ ಕಟ್ಟುತ್ತಿದ್ರೆ, 78%ಗೆ ಅವರೇ ತೆಗೀಬೇಕು, 1998ರ ಕಾನೂನಿದೆ. ತಿಂಗಳಿಗೆ ಎಷ್ಟು ಬೀಳುತ್ತೆ, ರೇಟ್ ಬದಲಾಗುತ್ತಾ, ರೇಟ್ ಲಾಕ್ (ಬಡ್ಡಿ ದರ ಹಿಡಿದಿಟ್ಟ ಅವಧಿ) ಒಳಗೆ ಮುಗಿಯುತ್ತಾ, ಈ ಮೂರನ್ನೂ ಇವತ್ತೇ ಲೋನ್ ಆಫೀಸರ್ ಹತ್ರ ಬರಹದಲ್ಲಿ ಕೇಳಿ. ಎಫ್‌ಎಚ್‌ಎಗೆ (ಸರ್ಕಾರಿ ವಿಮೆ ಇರೋ ಸಾಲ) ಬದಲಿಸಿ ಅಂತ ಯಾರಾದ್ರೂ ಹೇಳಿದ್ರೆ ಕೇಳಬೇಡಿ. 2025ರ ಮೇ 25ರಿಂದ ಎಚ್‌ಒನ್‌ಬಿಯವರಿಗೆ ಅದು ಇಲ್ಲ, ಕನ್ವೆನ್ಷನಲ್ (ಸರ್ಕಾರಿ ವಿಮೆ ಇಲ್ಲದ ಸಾಲ) ಇದೆ.

ಎರಡನೇದು, ಅಪ್ರೈಸಲ್ ರಿಪೋರ್ಟ್ ತರಿಸಿಕೊಂಡು ಓದಿ, ಅದರ ಪ್ರತಿ ನಿಮ್ಮ ಹಕ್ಕು. ಚದರಡಿ, ಬಾತ್‌ರೂಮ್ ಲೆಕ್ಕ ಸರಿ ಇದೆಯಾ, ಹೋಲಿಕೆಗೆ ತಗೊಂಡ ಮನೆಗಳು ನಿಮ್ಮ ಮನೆಯಂಥವೇನಾ ನೋಡಿ. ತಪ್ಪಿದ್ರೆ ಬ್ಯಾಂಕಿನ ಮೂಲಕ ಮರುಪರಿಶೀಲನೆ ಕೇಳಬಹುದು. ಹೋಲಿಕೆಗೆ ಮಾರಾಟವಾದ ಐದು ಮನೆಗಳವರೆಗೆ ನೀವೇ ಕೊಡಬಹುದು. ಟೆಕ್ಸಾಸ್‌ನಲ್ಲಿ ಮಾರಾಟದ ಬೆಲೆ ಸರ್ಕಾರಿ ದಾಖಲೆಯಲ್ಲಿ ಸಿಗಲ್ಲ, ನಿಮ್ಮ ಏಜೆಂಟ್ ತೆಗೆದುಕೊಡಬೇಕು. ಪೂರ್ವದ ಬಾಗಿಲು ಅಂತ ಮಾತ್ರ ಬರೀಬೇಡಿ. ನಮ್ಮವರು ಅದಕ್ಕೆ ಹೆಚ್ಚು ಕೊಡ್ತಾರೆ, ಅಪ್ರೈಸರ್ ಕೊಡಲ್ಲ. ಆ ದುಡ್ಡು ಯಾವಾಗಲೂ ನಮ್ಮ ಜೇಬಿನದೇ.

ಬೆಂಗಳೂರು, ಪ್ರಾಸ್ಪರ್:
ರೀಸೇಲ್, ಹಳೇ ಮನೆ ಯಾಕೆ ಬೇಕಿತ್ತು? ಸೆಲೈನಾ ಕಡೆ ಬಿಲ್ಡರ್ ಮನೆ ತಗೊಳ್ಳಿ, ಬಡ್ಡಿ ರೇಟ್ ಅವರೇ ಇಳಿಸಿಕೊಡ್ತಾರೆ. ನಾವು ಹಾಗೇ ತಗೊಂಡಿದ್ದು. ಮಗಳು ಈಗ ರೋಬೋಟಿಕ್ಸ್‌ನಲ್ಲಿ ಸ್ಟೇಟ್‌ವರೆಗೂ ಹೋಗಿದ್ದಾಳೆ, ಜೊತೆಗೆ ಕನ್ನಡ ಕ್ಲಾಸ್ ಒಂದೂ ತಪ್ಪಿಸಿಲ್ಲ.

ತುಮಕೂರು, ಮಕಿನಿ:
ಅರಸೀಕೆರೆ ಅಣ್ಣ ಹೇಳಿದ ಮೇಲೂ ಮನೆ ತಗೊಳ್ಳಿ ಅಂತಾರಲ್ಲ ಜನ! ಕೆಲಸ ಹೋದ್ರೆ ಯಾರು ಬರ್ತಾರೆ?

ದಾವಣಗೆರೆ, ಫ್ರಿಸ್ಕೊ:
ನಾವು ಹೋದ ವರ್ಷ ಮಾರೋ ಕಡೆ ಇದ್ವಿ, ನಮ್ಮದೂ ಕಡಿಮೆ ಬಂತು. ಗ್ಯಾರೇಜ್‌ನಲ್ಲಿ ಪರ್ಮಿಟ್ ಇಲ್ಲದೆ ಮಾಡಿಸಿದ ಎರಡನೇ ಅಡುಗೆಮನೆಗೆ ಅಪ್ರೈಸರ್ ಒಂದು ಡಾಲರೂ ಹಾಕಲಿಲ್ಲ. ಆದರೆ ಹೊಸ ಛಾವಣಿ, ಎಸಿ ಯಾವ ವರ್ಷ ಹಾಕಿಸಿದ್ದು ಅಂತ ಪಟ್ಟಿ ನಾವು ಕೊಟ್ಟಿರಲಿಲ್ಲ, ಅದು ನಮ್ಮ ತಪ್ಪು. ನೀವು ಮಾರುವವರಿಂದ ಆ ಪಟ್ಟಿ ಕೇಳಿ. ಬೆಲೆ ಇಳಿಸೋಕೂ ಕೇಳಿ. ಕೊರತೆಯ ಅರ್ಧದಷ್ಟು ನಾವು ಇಳಿಸಿದ್ವಿ. ನೀವು ಬಿಟ್ಟುಹೋದ್ರೆ ಅವರು ಮತ್ತೆ ಮೊದಲಿಂದ ಶುರುಮಾಡಬೇಕು, ಅವರಿಗೂ ಅದು ಬೇಡ.

ಶಿವಮೊಗ್ಗ, ಆಲೆನ್:
ಅದಕ್ಕೂ ಮೊದಲು ಕಾಂಟ್ರಾಕ್ಟ್ ಜೊತೆ ಅಪ್ರೈಸಲ್ ಅಡೆಂಡಮ್ (ಅಪ್ರೈಸಲ್ ಬಗ್ಗೆ ಸೇರಿಸೋ ಪುಟ) ಇದೆಯಾ ನೋಡಿ. ಅದರಲ್ಲಿ ವೇವರ್, ಅಂದ್ರೆ ಅಪ್ರೈಸಲ್ ಕಡಿಮೆ ಬಂದ್ರೆ ಬಿಟ್ಟುಬರೋ ಹಕ್ಕು ಬೇಡ ಅನ್ನೋ ಚೌಕಕ್ಕೆ ಟಿಕ್ ಹಾಕಿದ್ದೀರಾ? ಪೈಪೋಟಿ ಇದ್ದಾಗ ಏಜೆಂಟ್‌ಗಳು ಹಾಕಿಸ್ತಾರೆ. ಹಾಕಿದ್ರೆ ಅಪ್ರೈಸಲ್ ಕಾರಣಕ್ಕೆ ಬಿಟ್ಟುಬರೋದು ಕಷ್ಟ, ಅರ್ನೆಸ್ಟ್ ಮನಿ (ಮುಂಗಡ) ಹೋಗಬಹುದು.

ಮೈಸೂರಿನವಳು, ಫ್ರಿಸ್ಕೊ:
ಎಲ್ಲರಿಗೂ ತುಂಬಾ ಧನ್ಯವಾದ. ಅರಸೀಕೆರೆ ಸರ್, ನಿಮ್ಮದನ್ನು ಓದಿ ಅಳು ಬಂತು. ಅಪ್ಪನಿಗೆ ಫೋನ್ ಮಾಡಿ ಸೈಟ್ ಮಾರಬೇಡಿ ಅಂದೆ. ಆಮೇಲೆ ಮನೇನೇ ಬೇಡ ಅಂತ ಕೂತಿದ್ವಿ. ಹುಬ್ಬಳ್ಳಿ ಅಕ್ಕ, ನಿಮ್ಮ ಉತ್ತರ ಈಗ ಮೇಲೆ ಹೋಗಿ ಓದಿದೆ. ಸೈಟ್ ಮಾರದೇನೇ ಆಗುತ್ತೆ ಅಂತ ನಮಗೆ ಹೊಳೆದೇ ಇರಲಿಲ್ಲ. ಪೂರ್ತಿ ವೇವರ್‌ಗೆ ಟಿಕ್ ಹಾಕಿಲ್ಲ. ರಿಪೋರ್ಟ್‌ನಲ್ಲಿ ನಮ್ಮನೆ ಚದರಡಿ 140 ಕಡಿಮೆ ತೋರಿಸಿದ್ದಾರೆ, ಮೇಲಿನ ಸ್ಟಡಿ ರೂಮ್ ಬಿಟ್ಟುಹೋಗಿದೆ ಅನ್ಸುತ್ತೆ. ಏಜೆಂಟ್ ಮೂರು ಮನೆ ಕೊಟ್ಟಿದ್ದಾರೆ. ಇನ್ನೆರಡು ಸಿಗೋವರೆಗೆ ಕಾಯ್ಲಾ?

ಹುಬ್ಬಳ್ಳಿ ಸೊಸೆ, ಲೋನ್ ಪ್ರೊಸೆಸಿಂಗ್ ಕೆಲಸ:
ಕಾಯಬೇಡಿ, ಮೂರು ಸಾಕು. ಸ್ಟಡಿ ರೂಮಿನ ಅಳತೆ, ಫೋಟೋ ಸೇರಿಸಿ. ಈ ಮರುಪರಿಶೀಲನೆ ವಿನಂತಿಗೆ ಒಂದೇ ಸಲ ಅವಕಾಶ, ಅದಕ್ಕೇ ನಿಮ್ಮೆಜಮಾನರಿಗೂ ಒಮ್ಮೆ ಓದಿಸಿ ಇವತ್ತು ಸಂಜೆಯೊಳಗೆ ಕಳಿಸಿಬಿಡಿ.