ಪದಚರ್ಚೆ: ಅಮೆರಿಕದ ‘ಗ್ಯಾಸ್ ವ್ಯಾನ್’ ಕನ್ನಡದಲ್ಲಿ ಏನಾಗಬೇಕು?

ಎಲ್ಲರಿಗೂ ನಮಸ್ಕಾರ.

ಜೂನ್‌ನಲ್ಲಿ ಅಪ್ಪ, ಅಮ್ಮ ತಿಪಟೂರಿನಿಂದ ಡೆನ್ವರ್‌ಗೆ, ನಮ್ಮ ಮನೆಗೆ ಬರುತ್ತಿದ್ದಾರೆ. ಅವರನ್ನು ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ ಕರೆದುಕೊಂಡು ಹೋಗಬೇಕು. ಅದಕ್ಕೆ ಹಳೆಯದೊಂದು ಕ್ಯಾಂಪರ್ ವ್ಯಾನ್, ಅಂದರೆ ಒಳಗೇ ಅಡುಗೆ ಮಾಡಿಕೊಂಡು ಮಲಗಬಹುದಾದ ಗಾಡಿ, ಕೊಳ್ಳುವ ಯೋಚನೆ. ಡೀಸೆಲ್‌ದೋ ಗ್ಯಾಸ್‌ದೋ ಅಂತ ಎರಡು ತಿಂಗಳಿಂದ ನೋಡುತ್ತಿದ್ದೆ. ಕೊನೆಗೆ ಅಪ್ಪನಿಗೆ ಬರೆದೆ: “ಗ್ಯಾಸ್ ವ್ಯಾನೇ ತಗೊಳ್ಳೋಣ ಅಂತಿದ್ದೀನಿ.” ಅರ್ಧ ಗಂಟೆಯಲ್ಲಿ ಫೋನ್ ಬಂತು. “ಗ್ಯಾಸ್ ಗಾಡಿ ಬೇಡಪ್ಪ. ಸಿಲಿಂಡರ್ ಪಕ್ಕದಲ್ಲೇ ಮಲಗೋದು ಅಂದ್ರೆ ನಿಮ್ಮಮ್ಮ ಹೆದರ್ತಾಳೆ.”

ಅಪ್ಪನ ತಪ್ಪೇನೂ ಇಲ್ಲ. ನಮ್ಮ ಕಡೆ ವ್ಯಾನ್ ಅಂದರೆ ಮಾರುತಿ ಓಮ್ನಿ. ಗ್ಯಾಸ್ ವ್ಯಾನ್ ಅಂದರೆ ಗ್ಯಾಸ್ ಕಿಟ್ ಹಾಕಿಸಿದ ಓಮ್ನಿ. ಅಡುಗೆಮನೆಯ ಸಿಲಿಂಡರನ್ನೇ ಸೀಟಿನ ಹಿಂದೆ ಇಟ್ಟು ಓಡಿಸುತ್ತಿದ್ದವರನ್ನು ಅಪ್ಪ ಕಣ್ಣಾರೆ ಕಂಡವರು. ನಾನು ಬರೆದದ್ದು ಅಮೆರಿಕದ ಗ್ಯಾಸ್. ಅದು ಗ್ಯಾಸೊಲಿನ್ ಅನ್ನುವುದರ ಮೊಟಕು, ಅಂದರೆ ನಮ್ಮ ಪೆಟ್ರೋಲ್. ಆವಿಯಲ್ಲ, ಎಣ್ಣೆ.

ಇಷ್ಟೇ ಆಗಿದ್ದರೆ ‘ಪೆಟ್ರೋಲ್’ ಅಂತ ತಿದ್ದಿ ಸುಮ್ಮನಾಗಬಹುದಿತ್ತು. ಆದರೆ ಈ ವ್ಯಾನ್‌ಗಳಲ್ಲಿ ನಿಜವಾದ ಗ್ಯಾಸೂ ಇರುತ್ತದೆ! ಒಲೆಗೆ, ಕೆಲವದರಲ್ಲಿ ಹೀಟರಿಗೂ, ಪ್ರೊಪೇನ್ ಸಿಲಿಂಡರ್ ಇಡುತ್ತಾರೆ. ಹಾಗಾಗಿ ‘ಗ್ಯಾಸ್ ಎಂಜಿನ್, ಗ್ಯಾಸ್ ಒಲೆ’ ಅಂತ ಒಂದೇ ಸಾಲಿನಲ್ಲಿ ಎರಡು ಬೇರೆ ವಸ್ತುಗಳಿಗೆ ಒಂದೇ ಹೆಸರು ಬರುತ್ತದೆ. ಪತ್ರಿಕೆಗಳ ‘ಅನಿಲ’ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅನಿಲ ಅಂದರೆ ಗಾಳಿ. ಪೆಟ್ರೋಲಿಗೆ ಅದು ಹೊಂದುವುದೇ ಇಲ್ಲ.

ಹಾಗೆ ನೋಡಿದರೆ, ಎಣ್ಣೆ ಉರಿಸುವ ವಸ್ತುವಿಗೆ ಗ್ಯಾಸ್ ಅನ್ನುವುದು ನಮಗೂ ಹೊಸದಲ್ಲ. ಪೆಟ್ರೋಮ್ಯಾಕ್ಸ್ ದೀಪಕ್ಕೆ ನಮ್ಮಲ್ಲಿ ಗ್ಯಾಸ್‌ಲೈಟ್ ಅಂತಲೇ ಹೆಸರು. ಅದಕ್ಕೆ ಹಾಕುತ್ತಿದ್ದದ್ದು ಸೀಮೆಎಣ್ಣೆ. ಆದರೆ ಅಲ್ಲಿ ಸೀಮೆಎಣ್ಣೆ ಆವಿಯಾಗಿಯೇ ಉರಿಯುತ್ತಿತ್ತು, ಅದಕ್ಕೇ ಆ ಹೆಸರು ಒಪ್ಪಿತು ಅಂತ ನನಗನಿಸುತ್ತದೆ. ಇದರ ಬಗ್ಗೆ ಹಿರಿಯರು ಬರೆದರೆ ತುಂಬಾ ಖುಷಿಯಾಗುತ್ತದೆ.

ಉಳಿದ ಮಾತುಗಳು ನನಗೆ ಅಷ್ಟು ಕಷ್ಟವಾಗಲಿಲ್ಲ. ಗ್ಯಾಸ್ ಸ್ಟೇಷನ್ ಅಂದರೆ ಬಂಕ್. ಗ್ಯಾಸ್ ಪೆಡಲ್ ಒತ್ತುವುದಕ್ಕೆ ‘ರೇಸ್ ಕೊಡು’ ಅನ್ನುವ ಒಳ್ಳೆಯ ಮಾತೇ ನಮ್ಮಲ್ಲಿದೆ. ಡೀಸೆಲ್ ಗಾಡಿಯ ಹೊಗೆ ಶುದ್ಧವಾಗಲೆಂದು ಬೇರೆ ತೊಟ್ಟಿಯಲ್ಲಿ ಹಾಕುವ ದ್ರವವಿದೆಯಲ್ಲ, ನೂರಕ್ಕೆ 32.5 ಪಾಲು ಯೂರಿಯಾ, ಮಿಕ್ಕದ್ದು ನೀರು, ಅದನ್ನು ನಮ್ಮ ಲಾರಿಯವರ ಹಾಗೆ ‘ಯೂರಿಯಾ’ ಅಂದರೆ ಸಾಕು. ಚಳಿಗೆ ಡೀಸೆಲ್‌ನಲ್ಲಿರುವ ಮೇಣ ಗಟ್ಟಿಯಾಗಿ ಫಿಲ್ಟರ್ ಕಟ್ಟಿಕೊಳ್ಳುವುದನ್ನು ಅಪ್ಪನಿಗೆ ಹೇಳಲು ಬಾಟಲಿಯ ಕೊಬ್ಬರಿ ಎಣ್ಣೆಯನ್ನು ನೆನಪಿಸಿದೆ. ತಿಪಟೂರಿನವರಿಗೆ ಅದಕ್ಕಿಂತ ಜಾಸ್ತಿ ಏನು ಹೇಳಬೇಕು!

ಪೆಟ್ರೋಲ್ ಆರಿಸಿದ್ದಕ್ಕೂ ಈ ಚಳಿಯ ಕಾಟವೇ ಮುಖ್ಯ ಕಾರಣ. ಇಲ್ಲಿ ಕ್ಯಾಂಪರ್ ಮಾಡುವ ವ್ಯಾನ್‌ಗಳಲ್ಲಿ ಮರ್ಸಿಡಿಸ್ ಸ್ಪ್ರಿಂಟರ್‌ಗಳು ಹೆಚ್ಚಾಗಿ ಡೀಸೆಲ್. ಮೈಲೇಜ್ ಜಾಸ್ತಿ, ಘಟ್ಟ ಹತ್ತುವಾಗ ಎಳೆತವೂ ಚೆನ್ನ. ಆದರೆ ನಾವು ವರ್ಷದ ಹೆಚ್ಚಿನ ದಿನ ಊರೊಳಗೇ ಓಡಿಸುವವರು. ಎಂಜಿನ್ ಸರಿಯಾಗಿ ಬಿಸಿಯಾಗುವ ಮೊದಲೇ ನಿಲ್ಲಿಸುತ್ತಿದ್ದರೆ ಡೀಸೆಲ್ ಗಾಡಿಯ ಮಸಿ ಹಿಡಿಯುವ ಫಿಲ್ಟರ್ ತುಂಬಿಕೊಳ್ಳುತ್ತದೆ. ಫೋರ್ಡ್ ಟ್ರಾನ್ಸಿಟ್‌ನ ಪೆಟ್ರೋಲ್ ಎಂಜಿನ್ ಆದರೆ ರಿಪೇರಿ ಮಾಡುವವರು ಎಲ್ಲ ಊರಲ್ಲೂ ಸಿಗುತ್ತಾರೆ. ಡೆನ್ವರ್ ಇರುವುದೇ 5,280 ಅಡಿ ಎತ್ತರದಲ್ಲಿ. ಗಾಳಿ ತೆಳುವಾದಷ್ಟೂ ಎಂಜಿನ್ನಿನ ಬಲ ಇಳಿಯುತ್ತದೆ. ಅದಕ್ಕೇ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇರುವುದನ್ನೇ ಹುಡುಕುತ್ತಿದ್ದೇನೆ.

ಈಗ ನಿಜವಾದ ತೊಡಕಿಗೆ ಬರುತ್ತೇನೆ. ‘ಕ್ಯಾಂಪರ್’ ಅನ್ನುವುದನ್ನು ಏನು ಮಾಡೋಣ? ಕರ್ನಾಟಕದಲ್ಲಿ ಕ್ಯಾಂಪರ್ ಅಂದರೆ ಮಹೀಂದ್ರ ಬೊಲೆರೊ ಕ್ಯಾಂಪರ್, ಮುಂದೆ ಜನ, ಹಿಂದೆ ಸಾಮಾನು. ಕ್ಯಾರವಾನ್ ಅಂದರೆ ಸಿನಿಮಾದವರ ದೊಡ್ಡ ಬಸ್ಸು ಕಣ್ಣಿಗೆ ಬರುತ್ತದೆ. ನನಗೆ ‘ಬಿಡಾರ’ ಅನ್ನುವ ಪದ ಬಹಳ ಇಷ್ಟ. ಮೇಳದವರು, ಅಲೆಮಾರಿಗಳು ಹೋದಲ್ಲಿ ಬಿಡಾರ ಹೂಡುತ್ತಾರೆ. ಒಂದೆರಡು ರಾತ್ರಿ ಉಂಡು ಮಲಗುವ ಜಾಗ, ಆಮೇಲೆ ಮುಂದಿನ ಊರು. ಈ ಗಾಡಿಯ ಕೆಲಸವೂ ಅದೇ ಅಲ್ವಾ? ‘ಬಿಡಾರದ ಗಾಡಿ’ ಅಂದರೆ ಅಮ್ಮನಿಗೆ ತಕ್ಷಣ ಗೊತ್ತಾಯಿತು. “ಒಲೆ ಇರತ್ತಾ?” ಅಂತ ಕೇಳಿದಳು.

ನಿಮ್ಮನ್ನು ಕೇಳುವುದು ಎರಡು. ‘ಪೆಟ್ರೋಲಿನ ಬಿಡಾರದ ಗಾಡಿ’ ಅಂದರೆ ನಿಮ್ಮ ಕಿವಿಗೆ ಸರಿ ಕೇಳುತ್ತದೆಯೇ? ಬಿಡಾರ ನಿಮ್ಮ ಕಡೆ ಬೇರೆ ಅರ್ಥದಲ್ಲಿ ಬಳಕೆಯಲ್ಲಿದೆಯೇ? ಇನ್ನೊಂದು, ಅಮೆರಿಕದ ಬಂಕಿನ ಬೋರ್ಡಿನ ಮೇಲೆ ‘ಗ್ಯಾಸ್’ ಅಂತಲೇ ಇರುತ್ತದೆ. ಇಲ್ಲಿಗೆ ಬರುವ ಅಪ್ಪ ಅಮ್ಮಂದಿರಿಗಾಗಿ ಬರೆಯುವಾಗ ಆ ಪದವನ್ನು ಪೂರ್ತಿ ಬಿಡಬೇಕೋ, ಒಮ್ಮೆ ವಿವರಿಸಿ ಆಮೇಲೆ ‘ಪೆಟ್ರೋಲ್’ ಅಂತ ಮುಂದುವರಿಸಬೇಕೋ? ನನ್ನ ಒಲವು ಎರಡನೆಯದಕ್ಕೆ. ‘ಗ್ಯಾಸ್’ ಒಲೆಯ ಪಾಲಿಗೇ ಇರಲಿ ಅನಿಸುತ್ತದೆ.