ಬಳ್ಳಾರಿ ಸ್ಪೆಲಿಂಗ್‌ನಾಗ ಎಷ್ಟು ಇಂಗ್ಲಿಷ್ ವರ್ಡ್ ಸಿಗ್ತಾವ್ರಿ?

ಸಿರುಗುಪ್ಪ ಟೀಚರ್

ಎಲ್ರಿಗೂ ನಮಸ್ಕಾರ. ಹೈಸ್ಕೂಲ್‌ನಾಗ ಇಂಗ್ಲಿಷ್ ತಗೊಳ್ತೀನ್ರಿ, ಎಲ್ಲಾ ಕನ್ನಡ ಮೀಡಿಯಂ ಹುಡುಗ್ರು. ಕೊನೇ ಪೀರಿಯಡ್‌ನಾಗ ಬೋರ್ಡ್ ಮ್ಯಾಲೆ ಬಿ-ಎ-ಎಲ್-ಎಲ್-ಎ-ಆರ್-ಐ ಅಂತ ಬರ್ದು ಇದ್ರಾಗ ವರ್ಡ್ ಹುಡುಕ್ರಿ ಅಂದೆ. ಬಾಲ್, ಬಾರ್, ಆಲ್, ರೈಲ್‌ನ ರೇಲ್, ಇಷ್ಟು ಬಂದ್ವು. ಒಬ್ಬ ಎದ್ದು ನಿಂತು ಬ್ರಿಲಿಯಂಟ್ ಅಂದ, ಬಿ ಐತೆ ಆರ್ ಐತೆ ಐ ಐತೆ ಎರಡೆಲ್ ಐತೆ ಎ ಐತೆ ಟೀಚರ್ ಅಂತ ವಾದ. ಎನ್, ಟಿ ಎಲ್ಲಿಂದ ತಂದಿ ಅಂದ್ರೆ ಅವು ಎಕ್ಸ್‌ಟ್ರಾ ಅಂತಾನೆ! ಕ್ಲಾಸೆಲ್ಲ ಅವನ ಕಡೆ ಆಯ್ತು. ನನಗೆ ಮುಂಚೇನೇ ಪೂರ್ತಿ ಪಟ್ಟಿ ಕೈಯಾಗ ಇರ್ಬೇಕು, ಹೆಂಗ್ ತೆಗೀಲಿ? ಏಳೂ ಅಕ್ಷರ ಬಳಸೋ ವರ್ಡ್ ಒಂದಾದ್ರೂ ಐತೇನು? ಲ್ಯಾಬ್‌ನಾಗ ವಿಂಡೋಸ್ ಬದ್ಲಿ ಉಬುಂಟು ಹಾಕಿರೋ ಕಂಪ್ಯೂಟರ್ ಅದಾವೆ, ಇಂಟರ್ನೆಟ್ ಮಾತ್ರ ನಂಬಂಗಿಲ್ಲ.

ರಾಯಚೂರು ಟರ್ಮಿನಲ್

ಮೇಡಂ, ಆ ಹುಡುಗ ಹೇಳಿದ್ದು ಬ್ಯಾರೆ ಆಟ, ನೀವು ಕೇಳಿದ್ದು ಬ್ಯಾರೆ ಆಟ, ಜಗಳ ಅಲ್ಲೇ ಐತಿ. ಈ ಅಕ್ಷರ ಎಲ್ಲಾ ಒಳಗ ಇರ್ಬೇಕು, ಜೊತಿಗೆ ಬ್ಯಾರೆ ಏನಿದ್ರೂ ನಡೀತೈತಿ ಅನ್ನೋದು ಒಂದು. ಇವಷ್ಟ ಅಕ್ಷರ, ಒಂದೂ ಹೆಚ್ಚಿಗಿ ಇರಬಾರ್ದು ಅನ್ನೋದು ಇನ್ನೊಂದು. ಹಂಗ ನೋಡಿದ್ರ ಅವನ ಆಟದಾಗೂ ಬ್ರಿಲಿಯಂಟ್ ಫೇಲ್, ಬಳ್ಳಾರಿಗೆ ಎರಡು ಎ ಬೇಕು, ಅದ್ರಾಗ ಇರೋದು ಒಂದ. ಬ್ಯಾಲರೀನಾ ಅಂತ ಹೇಳಿದ್ರ ಪಾಸಾಗ್ತಿದ್ದ, ಬಳ್ಳಾರಿಗೆ ಇ, ಎನ್ ಸೇರ್ಸಿದ್ರ ಅದು. ಬೈಲ್ಯಾಟರಲ್ ಆಗ್ತೈತಿ, ಕೊಲಾಬರೇಷನ್ನೂ ಆಗ್ತೈತಿ.

ಉಬುಂಟು ಇದ್ರ ಇಂಟರ್ನೆಟ್ ಯಾಕ ಬೇಕ್ರಿ? ಯುಎಸ್‌ಆರ್, ಶೇರ್, ಡಿಕ್ಟ್ ಅಂತ ಫೋಲ್ಡರ್ ಒಳಗ ಹೋಗ್ರಿ, ಅಲ್ಲಿ ವರ್ಡ್ಸ್ ಅಂತ ಫೈಲ್ ಇರ್ತೈತಿ, ಒಂದೊಂದು ಸಾಲಿಗೆ ಒಂದೊಂದು ಪದ. ಇಲ್ಲಂದ್ರ ಪದಪಟ್ಟಿ ಪ್ಯಾಕೇಜ್ ಹಾಕ್ಕೋಬೇಕು. ಟರ್ಮಿನಲ್‌ದಾಗ, ಅಂದ್ರ ಕಮಾಂಡ್ ಟೈಪ್ ಮಾಡೋ ಕಿಟಕಿದಾಗ, ಗ್ರೆಪ್ ಅನ್ನೋ ಹುಡುಕೋ ಕಮಾಂಡ್ ಕೊಟ್ಟು, ಮೊದಲು ಕ್ಯಾರೆಟ್ ಗುರುತು, ಚೌಕ ಬ್ರಾಕೆಟ್ ಒಳಗ ಬಿ ಎ ಎಲ್ ಆರ್ ಐ, ಆಮ್ಯಾಲ ಸ್ಟಾರ್, ಕಡೀಗೆ ಡಾಲರ್ ಗುರುತು. ಅಂದ್ರ ಶುರುವಿನಿಂದ ಕೊನೀತನಕ ಈ ಅಕ್ಷರ ಬಿಟ್ಟು ಬ್ಯಾರೆ ಇರಂಗಿಲ್ಲ. ಆದ್ರ ಬ್ರಯರ್ ಅಂತ ಬರ್ತೈತಿ ನೋಡ್ರಿ, ಬಿ-ಆರ್-ಐ-ಎ-ಆರ್, ಆರ್ ಎರಡು, ನಮ್ಮ ಕಡೆ ಒಂದ ಐತಿ. ಅದಕ್ಕ ಪೈಪ್ ಅನ್ನೋ ನೆಟ್ಟಗಿನ ಗೀಟು ಹಾಕಿ ಮತ್ತೊಂದು ಗ್ರೆಪ್, ಮೈನಸ್ ವಿ, ಆರ್ ಡಾಟ್ ಸ್ಟಾರ್ ಆರ್, ಅಂದ್ರ ಎರಡು ಆರ್ ಇರೋ ಪದ ಹೊರಗ. ಹಂಗ ಬಿ, ಐಗೂ ಮಾಡ್ರಿ. ಎ, ಎಲ್ ಎರಡೆರಡು ಇರೋದಕ್ಕ ಅವಕ್ಕ ಮೂರು ಸಲ ಬಂದ್ರ ತೆಗೀರಿ. ಉಳಿದದ್ದ ನಿಮ್ಮ ಪಟ್ಟಿ.

ಕುಷ್ಟಗಿ ರಿಟೈರ್ಡ್ ಮಾಸ್ತರ

ಕಂಪ್ಯೂಟರ್‌ನವರು ಬರೋತನಕ ಹುಡುಗ್ರು ಏನ್ ಮಾಡ್ಬೇಕ್ರಿ? ಟೀಚರ್, ಬೋರ್ಡ್ ಮ್ಯಾಲ ಪದದ ಬಾಲದಿಂದ ಹೋಗ್ರಿ. ಎ-ಐ-ಎಲ್ ಅಂತ ಬರ್ದು ಮುಂದ ಬಿ ಇಟ್ರ ಬೇಲ್, ಆರ್ ಇಟ್ರ ರೇಲ್. ಐ-ಎಲ್-ಎಲ್ ಮುಂದ ಬಿ ಇಟ್ರ ಬಿಲ್, ಬಿ-ಆರ್ ಇಟ್ರ ಬ್ರಿಲ್ ಅಂತ ಒಂದು ಮೀನು ಐತಿ. ಆಮ್ಯಾಲ ರೇಲ್‌ನ ನಾಕು ಅಕ್ಷರ ತಿರುವ್ಯಾಡ್ರಿ: ಸುಳ್ಳುಗಾರ ಲಯರ್, ಪ್ರಾಣಿ ಗವಿ ಲೇರ್, ಇರಾನಿನ ರಿಯಾಲ್, ಟರ್ಕಿಯ ಲಿರಾ. ಇನ್ನೊಂದು ಏರಿಲ್, ಎ-ಆರ್-ಐ-ಎಲ್. ನಮ್ಮ ಕುಷ್ಟಗಿ ಕಡೆ ದಾಳಿಂಬ್ರಿ ಬೆಳಿಯೋರ ಮಕ್ಕಳಿಗೆ ಹೇಳ್ರಿ, ಬಿಡಿಸಿದ ಕಾಳನ್ನ ಡಬ್ಬಿ ಒಳಗ ಹಾಕಿ ಮಾರೋವಾಗ ಏರಿಲ್ಸ್ ಅಂತ ಬರೀತಾರ.

ನನ್ನ ಕೇಳಿದ್ರ ಹಳೇ ಸ್ಪೆಲಿಂಗ ಚೊಲೊ ಇತ್ತು. 2014ರ ನವೆಂಬರ್ 1ಕ್ಕ ಬದಲಾಯ್ತಲ್ಲ, ಅದಕ್ಕೂ ಮೊದಲಿನ ಬಿ-ಇ-ಎಲ್-ಎಲ್-ಎ-ಆರ್-ವೈ ಕೊಟ್ಟು ನೋಡ್ರಿ. ರಿಯಲಿ, ಅರ್ಲಿ, ಬೆಲ್ಲಿ, ರ್‍ಯಾಲಿ, ಲೇಯರ್, ರಿಲೇ. ಬಾರ್ಲಿ, ಬೇರ್ಲಿ, ಬ್ಲೀರಿ ಮೂರೂ ಅವೇ ಆರು ಅಕ್ಷರ! ಇ ಒಂದು ಇದ್ರ ಇಂಗ್ಲಿಷ್ ತಾನ ಬಾಯಿ ಬಿಡ್ತೈತಿ, ಅಕ್ಷರದ ಬಿಲ್ಲೆ ಜೋಡ್ಸಿ ಪದ ಕಟ್ಟೋ ಸ್ಕ್ರ್ಯಾಬಲ್ ಆಟದಾಗ 100 ಬಿಲ್ಲೆದಾಗ 12 ಬರೇ ಇ ಇಟ್ಟಾರ, ಸುಮ್ನ ಅಲ್ಲ.

ಗಂಗಾವತಿ ಎಕ್ಸೆಲ್

ಏಳಕ್ಷರದ ಪ್ರಶ್ನೆ ಎಲ್ರೂ ಬಿಟ್ಟುಬಿಟ್ರಿ. ಐತ್ರಿ ಟೀಚರ್, ಬರಿಲ್ಲಾ, ಬಿ-ಎ-ಆರ್-ಐ-ಎಲ್-ಎಲ್-ಎ. ಉಪ್ಪು ನೆಲದಾಗ ಬೆಳೆಯೋ ಗಿಡ ಸುಟ್ಟು ತೆಗೀತಿದ್ದ ಸೋಡಾ ಬೂದಿ ಅದು, ಸಾಬೂನು, ಗಾಜು ಮಾಡೋದಕ್ಕ ಬಳಸ್ತಿದ್ರು. ಸ್ಕ್ರ್ಯಾಬಲ್ ಪಟ್ಟಿದಾಗ ನಡೀತೈತಿ, ಸ್ಕೂಲಿನ ಸಣ್ಣ ಡಿಕ್ಷನರಿದಾಗ ಸಿಗಲಿಕ್ಕಿಲ್ಲ. ಆರಕ್ಷರಕ್ಕ ಲೇಬಿಯಲ್ ಐತಿ.

ಏಳಕ್ಷರ 1260 ಥರ ಜೋಡಿಸಬಹುದು, ಒಂದೊಂದ ಬರ್ಕೋತ ಕೂತ್ರ ಆಗೋ ಕೆಲ್ಸ ಅಲ್ಲ. ಸ್ಪ್ರೆಡ್‌ಶೀಟ್‌ನಾಗ ಪ್ರತಿ ಪದದ ಅಕ್ಷರನ ಎ ಇಂದ ಝಡ್ ಕ್ರಮಕ್ಕ ಇಟ್ಟು ಪಕ್ಕದ ಕಾಲಂನಾಗ ಬರ್ಕೋಬೇಕು. ಬಳ್ಳಾರಿ ಆಗ್ತೈತಿ ಎ-ಎ-ಬಿ-ಐ-ಎಲ್-ಎಲ್-ಆರ್, ಬರಿಲ್ಲಾನೂ ಅದ. ಆ ಕಾಲಂ ಸಾರ್ಟ್ ಮಾಡಿದ್ರ ಅವೇ ಅಕ್ಷರ ಇರೋ ಪದ ಎಲ್ಲಾ ಮಗ್ಗಲದಾಗ ಮಗ್ಗಲ ಬಂದು ನಿಲ್ತಾವ.

ಸಿರುಗುಪ್ಪ ಟೀಚರ್

ಮಾಸ್ತರ ಹೇಳಿದ ಬೇಲ್-ರೇಲ್ ಮೊದಲು ಮಾಡಿಸ್ತೀನ್ರಿ, ಪಟ್ಟಿ ನನ್ನ ಹತ್ರ ಇರ್ಲಿ. ಆ ವಕೀಲನಿಗೆ ಬ್ಯಾಲರೀನಾ ಕೊಡ್ತೀನಿ. ಇನ್ನೊಂದು ಡೌಟು, ಅ ಇ ಉ ಥರ ಐದೂ ವವೆಲ್ ಇರೋ ವರ್ಡ್ ಅಂತ ಕೇಳೋ ಪ್ಲಾನ್ ಐತೆ. ಎಜುಕೇಷನ್ ಎಲ್ರೂ ಹೇಳ್ತಾರೆ. ಬ್ಯಾರೆ?

ರಾಯಚೂರು ಟರ್ಮಿನಲ್

ಕಾಲಿಫ್ಲವರ್ ಕೊಡ್ರಿ, ಹುಡುಗ್ರು ದಿನಾ ಗೋಬಿ ತಿಂತಾರ. ಇಕ್ವೇಷನ್, ಡಯಲಾಗ್ ಕೊನೀಗೆ ಯು-ಇ ಇರೋದು, ಪ್ರಿಕಾಷನ್. ಎ ಇ ಐ ಓ ಯು ಅದ ಕ್ರಮದಾಗ ಬೇಕಂದ್ರ ಫೆಸೀಷಿಯಸ್, ಅಬ್ಸ್ಟೀಮಿಯಸ್. ಅಮೇರಿಕದ ಪಟ್ಟಿ ತೆರೆದ್ರ ಮಾತ್ರ ಹುಷಾರ್, ಬಿಹೇವಿಯರ್, ಫೇವರಿಟ್ ಎರಡೂ ಸಿಗಂಗಿಲ್ಲ, ಅವ್ರು ಯು ಬಿಡ್ತಾರ. ನಮ್ಮ ಪಾಠದ ಪುಸ್ತಕದಾಗ ಯು ಐತಿ, ಅದಕ್ಕ ಬ್ರಿಟಿಷ್ ಪಟ್ಟಿ ಹಾಕ್ಕೊಳ್ರಿ.