ಸಹಾಯ ಬೇಕು: ಅಪ್ಪ ನುಡಿಯಲ್ಲಿ ಟೈಪ್ ಮಾಡಿದ ಹಾಡುಗಳನ್ನು ಯೂನಿಕೋಡ್‌ಗೆ ತರಬೇಕು

ಎಲ್ಲರಿಗೂ ಶರಣು. ನಾನು ಕಲಬುರಗಿ ಜಿಲ್ಲೆಯ ಆಳಂದ ಕಡೆಯವಳು. ನಮ್ಮಪ್ಪ 2006ರಲ್ಲಿ ಊರೂರು ತಿರುಗಿ ಬೀಸುವ ಹಾಡು, ಎಳ್ಳ ಅಮಾವಾಸ್ಯೆ ಹಾಡು ಕೂಡಿಸಿ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟಿದ್ದರು. ಒಟ್ಟು 140 ಪುಟ. ಈಗ ಅಪ್ಪ ಇಲ್ಲ, ಹಾಡಿದ ಆಯಿಗಳೂ ಜಾಸ್ತಿ ಜನ ಉಳಿದಿಲ್ಲ. ಫೋನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರ ಕಾಣುತ್ತದೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಕಾರಣ ತಿಳಿದುಕೊಂಡೆ. ಕಂಪ್ಯೂಟರ್ ಇಟ್ಟುಕೊಳ್ಳುವುದು ಅಂಕಿಯನ್ನು ಮಾತ್ರ. ಇಂಗ್ಲಿಷಿನ ದೊಡ್ಡ ‘ಎ’ ಅಂದರೆ 65, ದೊಡ್ಡ ‘ಪಿ’ ಅಂದರೆ 80. ಇದು ಇಂಗ್ಲಿಷ್ ಅಕ್ಷರಗಳಿಗೆ ಅಂಕಿ ಕೊಟ್ಟ ‘ಆಸ್ಕಿ’ ಎಂಬ ಪಟ್ಟಿಯ ಲೆಕ್ಕ. 1963ರ ಆ ಪಟ್ಟಿಯಲ್ಲಿ ಇದ್ದದ್ದೇ 128 ಜಾಗ, ಕನ್ನಡಕ್ಕೆ ಎಲ್ಲಿಂದ ಬರಬೇಕು? ಹಾಗಾಗಿ ಹಳೆಯ ಫಾಂಟ್‌ಗಳು ಅವೇ ಅಂಕಿಗಳ ಮೇಲೆ, ಆಮೇಲೆ 255ರವರೆಗೆ ಸೇರಿದ ಅಂಕಿಗಳ ಮೇಲೂ ಕನ್ನಡದ ಚಿತ್ರ ಕೂರಿಸಿದವು. ಆ ಕಾಲಕ್ಕೆ ಅದು ಒಳ್ಳೆಯ ದಾರಿಯೇ. ನುಡಿಯ ‘ಕ’ ಒಳಗಿರುವುದು 80 ಮತ್ತು 192. ಫಾಂಟ್ ಇಲ್ಲದಿದ್ದರೆ ಅದು ದೊಡ್ಡ ‘ಪಿ’, ಪಕ್ಕದಲ್ಲಿ ತಲೆಯ ಮೇಲೆ ಗೀಟಿರುವ ‘ಎ’ ಆಗಿ ಕಾಣುತ್ತದೆ. ಯೂನಿಕೋಡ್‌ನಲ್ಲಿ ಪ್ರತಿ ಲಿಪಿಯ ಅಕ್ಷರಕ್ಕೂ ಬೇರೆಯೇ ಅಂಕಿ; ‘ಕ’ಗೂ ಸ್ವಂತ ಅಂಕಿ ಇದೆ, 3221.

ಫೈಲನ್ನು ನುಡಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕದಲ್ಲಿ ಹಾಕಿದೆ. ಹಾಡು ಸರಿ ಬಂತು. ಆದರೆ ಅಪ್ಪ ಅಲ್ಲಲ್ಲಿ ಕ್ಯಾಸೆಟ್ ಗುರುತುಗಳನ್ನು ಇಂಗ್ಲಿಷಿನಲ್ಲಿ ಬರೆದಿದ್ದಾರೆ. ಅವೂ ಕನ್ನಡದ ಚೂರುಗಳಾದವು. ಎರಡಕ್ಕೂ ಅಂಕಿ ಒಂದೇ ಅಲ್ವಾ, ಅದಕ್ಕೆ ಹೇಗೆ ಗೊತ್ತಾಗಬೇಕು?

ವರ್ಡ್ ಫೈಲಿನಲ್ಲಿ ಯಾವ ಪದಕ್ಕೆ ಯಾವ ಫಾಂಟ್ ಅಂತ ಇರುತ್ತದೆ. ಅದನ್ನು ನೋಡಿ ನುಡಿಯಲ್ಲಿರುವುದನ್ನಷ್ಟೇ ಬದಲಿಸುವ ಮ್ಯಾಕ್ರೋ ಅಥವಾ ಪ್ರೋಗ್ರಾಂ ಯಾರ ಹತ್ತಿರವಾದರೂ ಇದೆಯಾ? ಅರ್ಕಾವತ್ತು ತಪ್ಪಬಾರದು. ಕಲಬುರಗಿಯಲ್ಲಿ ಇದನ್ನು ಬಲ್ಲವರಿದ್ದರೆ ಪೆನ್‌ಡ್ರೈವ್ ತೆಗೆದುಕೊಂಡು ನಾನೇ ಬರುತ್ತೇನೆ. ಮೂಲ ಫೈಲನ್ನು ಮುಟ್ಟಿಲ್ಲ, ನಕಲಿನಲ್ಲೇ ಕೆಲಸ ಮಾಡುತ್ತಿದ್ದೇನೆ.